ನಾಲ್ಕು ಟೈರು, ಎರಡು ಸೀಟು

ಗೊಲ್ಲರಹಟ್ಟಿ,
ಬಡವನಹಳ್ಳಿ ಹೋಬಳಿ, ಮಧುಗಿರಿ ತಾಲ್ಲೂಕು
೧೪-೧೧-೧೯೮೩

ಯಜಮಾನರಿಗೆ,

ದಾಸಮ್ಮನ ನಮಸ್ಕಾರಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನೀವು ಬೊಂಬಾಯಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಿ ಅಂದುಕೊಂಡಿದ್ದೇನೆ. ನಿಮ್ಮ ಕಾಗದ ಗೌರಿ ಹಬ್ಬದ ಹೊತ್ತಿಗೇ ಬಂದಿತ್ತು. ಉತ್ತರ ತಡವಾಯಿತು, ಕೋಪ ಮಾಡಿಕೊಳ್ಳಬೇಡಿ. ಬರೆಯಲು ಕೂತು, ಏನು ಬರೆಯಬೇಕೋ ತಿಳಿಯದೆ ಎದ್ದುಹೋಗುತ್ತಿದ್ದೆ. ನಾನು ಓದಿದ ನಾಲ್ಕನೇ ಕ್ಲಾಸಿನಲ್ಲಿ ಟೈರಿನ ಪಾಠ ಇರಲಿಲ್ಲ.

ನೀವು ಬರೆದಿದ್ದು ಇಷ್ಟೇ. ಕಾರಿಗೆ ನಾಲ್ಕು ಟೈರು ನೋಡಿ ಹಾಕಿಸು, ಹಳೇ ಟೈರಿನ ನಂಬರು ಬರೆದು ಕಳಿಸು, ಸಂಕ್ರಾಂತಿಗೆ ಕಾರು ರೆಡಿ ಇರಲಿ. ಸೆರಗು ಒದ್ದೆ ಮಾಡಿಕೊಂಡು ಟೈರುಗಳನ್ನು ಉಜ್ಜಿದೆ. ಕುರಿಗಳು ಮೈ ತಿಕ್ಕಿ ಮುಂದಿನ ಎರಡರಲ್ಲಿ ಅಕ್ಷರವೇ ಉಳಿದಿಲ್ಲ. ಹಿಂದಿನದರಲ್ಲಿ 5.60-15 ಅಂತ ಇದೆ. ಸರಿಯಾಗಿ ಓದಿದ್ದೇನೆ, ಕ್ಯಾತಣ್ಣನೂ ನೋಡಿದ.

ಕ್ಯಾತಣ್ಣನನ್ನೇ ಜೊತೆಗೆ ಕರೆದುಕೊಂಡು ಸಿರಾಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಬುಡೇನ್ ಸಾಬರ ಟೈರಿನ ಅಂಗಡಿ ಇದೆಯಲ್ಲ, ಅಲ್ಲಿಗೆ. ನಿಮ್ಮ ತಮ್ಮ ಹೋದವನೇ, ಇದು ತುಮಕೂರಿನ ಮಿಲ್ ಸಾಹುಕಾರರ ಮಗ ಮದ್ರಾಸಿನ ರೇಸಿನಲ್ಲಿ ಓಡಿಸಿದ ಕಾರು, ನಮ್ಮಣ್ಣ ಅವರ ಡ್ರೈವರಾಗಿದ್ದ, ಅವರು ಊರು ಬಿಡುವಾಗ ಅಣ್ಣನಿಗೇ ಕೊಟ್ಟರು ಅಂತ ಕಥೆಯೆಲ್ಲ ಹೇಳಿದ. ಅಗಲವಾದ ಟೈರು ಕೊಡಿ, ನೋಡಿದವರು ನಿಂತು ನೋಡಬೇಕು ಅಂದ. ಸಾಬರು ಕಥೆಯನ್ನೆಲ್ಲ ಕೇಳಿ ಎರಡು ಥರದ್ದು ತಂದಿಟ್ಟರು. ಒಂದು ಹೊಸದು, ಇನ್ನೊಂದು ಸವೆದ ಟೈರಿಗೆ ಮೇಲೆ ಹೊಸ ರಬ್ಬರು ಕೂಡಿಸಿದ್ದು, ಅದಕ್ಕೆ ರೀಸೋಲ್ ಅನ್ನುತ್ತಾರಂತೆ. ನನ್ನ ಕಣ್ಣಿಗೆ ಎರಡೂ ಒಂದೇ ಥರ ಕಪ್ಪಗಿದ್ದವು. ಯಾವುದು ಒಳ್ಳೆಯದು ಅಂತ ಕ್ಯಾತಣ್ಣ ಕೇಳಿದ. ಸಾಬರು ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಕಾರು ಓಡ್ಸೋದಾ, ಮಾರೋದಾ? ಅದೇಳಮ್ಮ ಮೊದ್ಲು. ಮಾರೋದಾದ್ರೆ ರೀಸೋಲ್ ಬಹಳ ಆಯ್ತು, ಗಿರಾಕಿ ಕಣ್ಗೆ ಕಪ್ಪಗೆ ಕಂಡ್ರೆ ಸಾಕು. ಹೆಂಡ್ತಿ ಮಕ್ಳನ್ನ ಕೂರಿಸ್ಕಂಡು ಓಡ್ಸೋದಾದ್ರೆ ಅದನ್ನ ನಾನು ಕೊಡಲ್ಲ. ಹೊಸದೇ ಹಾಕ್ಬೇಕು."

ನಾನು ಏನು ಹೇಳಲಿ? ನೀವು ಬಂದು ಓಡಿಸುತ್ತೀರೋ, ಮಾರಿ ಅಲ್ಲೇ ಉಳಿದುಬಿಡುತ್ತೀರೋ, ಕಾಗದದಲ್ಲಿ ಇರಲಿಲ್ಲ. ಕೇಳಿಕೊಂಡು ಬರುತ್ತೇವೆ ಅಂತ ಕ್ಯಾತಣ್ಣ ಹೇಳಿದ. ಬಸ್ಸಿನಲ್ಲಿ ಅವನನ್ನು ಕೇಳಿದರೆ, ಅಣ್ಣ ಹೇಳಿದಂತೆ ಮಾಡುವುದು ಅತ್ತಿಗೆ, ನಮಗ್ಯಾಕೆ ಅಂದು ಕಿಟಕಿಯ ಕಡೆ ತಿರುಗಿಕೊಂಡ. ಅವನಿಗೆ ಗೊತ್ತಿದ್ದು ಸುಮ್ಮನಾದನೋ, ನನ್ನಂತೆ ಅವನಿಗೂ ಗೊತ್ತಿಲ್ಲವೋ, ತಿಳಿಯಲಿಲ್ಲ.

ಬರಿಗೈಯಲ್ಲಿ ಬಂದಿದ್ದಕ್ಕೆ ಅತ್ತೆ ಬೈದರು. "ಅಂಗಡಿಗೋಗಿ ಬಾಯಿ ಹೊಲ್ಕಂಡು ಬಂದ್ಬುಟ್ಯೇನೇ? ನಮ್ಮ ಗಾಡಿ ಟೈರು ನನ್ನ ತಮ್ಮ ಓಬಯ್ಯನ ಮದ್ವೇಲಿ ಹಾಕ್ಸಿದ್ದು, ಇವತ್ಗೂ ಅಂಗೇ ಐತೆ. ಗಾಡಿ ತುಂಬ ಕಳ್ಳೇಕಾಯಿ ಮೂಟೆ ಹೊರ್ತದೆ. ಇಬ್ರು ಕೂರೋ ಕಾರು ಅದ್ಕೊಂದು ಭಾರವೇ?"

ಅವರು ಹೇಳಿದ್ದು ನನಗೂ ಸರಿ ಅನಿಸಿತು. ಹಟ್ಟಿಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳಿದರು. ಎತ್ತಿನ ಗಾಡಿಗೆ ಟೈರು ಮಾರುವ ಬಡವನಹಳ್ಳಿಯ ಗಂಗಯ್ಯನವರ ಹತ್ತಿರ ಅದೇ ಚಕ್ರಕ್ಕೆ ಕೂರುವ ಸಣ್ಣ ಗಾಡಿ ಟೈರು ಸಿಕ್ಕಿತು. ಕ್ಯಾತಣ್ಣ ಹಾಕಿಸಿಯೇಬಿಟ್ಟ. ಕಾರು ಮೊದಲಿಗಿಂತ ಎತ್ತರವಾಗಿ ಕಾಣುತ್ತಿತ್ತು. ಹಟ್ಟಿಯವರೆಲ್ಲ ಬಂದು ನೋಡಿದರು. ಕರಿಯಕ್ಕಜ್ಜಿ ಸುತ್ತಲೂ ಒಂದು ಸುತ್ತು ಬಂದು, "ಎತ್ತು ಎಲ್ಲಿ ಕಟ್ಟೀಯಲಾ ಕ್ಯಾತ?" ಅಂದಳು. ನಾನೂ ನಕ್ಕೆ. ಬಹಳ ದಿನದ ಮೇಲೆ ನಕ್ಕಿದ್ದು.

ಸಂತೆಯ ದಿನ ಕ್ಯಾತಣ್ಣ ನನ್ನನ್ನೂ ಮಗುವನ್ನೂ ಕೂರಿಸಿಕೊಂಡು ಬಡವನಹಳ್ಳಿಗೆ ಕಾರು ತಂದ. ಅಲ್ಲಿ ಬುಡೇನ್ ಸಾಬರು ಸಿಕ್ಕರು. ಕಾರು ನೋಡಲು ಖುಷಿಯಾಗಿ ಬಂದವರು ಬಗ್ಗಿ ಟೈರಿನ ಮೇಲೆ ಕೈಯಿಟ್ಟು ನಗತೊಡಗಿದರು. ಆಮೇಲೆ ನನ್ನ ತೊಡೆಯ ಮೇಲಿದ್ದ ಮಗುವನ್ನು ನೋಡಿ ನಗು ನಿಲ್ಲಿಸಿದರು.

"ಇದು ಎತ್ತಿನ ನಡಿಗೆಗೆ ಮಾಡಿರೋದು ಕಣಪ್ಪ. ಜೋರಾಗಿ ಓಡ್ಸಿದ್ರೆ ಕಾದು ಸಿಡೀತದೆ. ಸಂತೆಗೆ ನಿಧಾನಕ್ಕೆ ಬಂದು ಹೋಗು, ಬ್ಯಾಡ ಅನ್ನಲ್ಲ. ಹೈವೇ ಮಾತ್ರ ಹತ್ತಬ್ಯಾಡ."

ಹೋಗುವಾಗ ನನ್ನ ಕಡೆ ನೋಡಿ, ಜವಾಬು ಬಂತೇನಮ್ಮ ಅಂದರು. ಇನ್ನೂ ಬರೆದಿಲ್ಲ ಅಂದೆ. ಅವರ ಹತ್ತಿರ ನಾನು ಆಡಿದ್ದು ಅದೊಂದೇ ಮಾತು.

ಗಂಗಯ್ಯನವರು ಟೈರು ವಾಪಸು ತೆಗೆದುಕೊಳ್ಳುತ್ತೇನೆ ಅಂದಿದ್ದಾರೆ. ನಾನೇ ಕಳಿಸಿಲ್ಲ. ಬೇಕೆಂದೇ ಬಿಟ್ಟಿದ್ದೇನೋ, ದಿಕ್ಕು ತೋಚದೆ ಬಿಟ್ಟಿದ್ದೇನೋ, ನನಗೇ ಗೊತ್ತಿಲ್ಲ.

ಒಂದು ಮಾತು ನಿಮಗೆ ಯಾರೂ ಬರೆದಿರಲಾರರು. ಬೇಲಿಯ ಬಾಯಿ ಸಾಲದೆ ನೀವು ಕಾರನ್ನು ಹಟ್ಟಿಯ ಹೊರಗೆ ಹೊಂಗೆ ಮರದ ಕೆಳಗೆ ಬಿಟ್ಟು ಹೋದಿರಿ. ಮೈಲಿಗೆ ಕಳೆಯುವವರೆಗೆ ನನ್ನನ್ನೂ ಮಗುವನ್ನೂ ಇಟ್ಟ ಬಾಣಂತಿಯ ಗುಡಿಸಲು ಅದರ ಪಕ್ಕದಲ್ಲೇ. ಶಿವರಾತ್ರಿಯ ಚಳಿಯಲ್ಲಿ ಗರಿಗಳ ಸಂದಿಯಿಂದ ಗಾಳಿ ನುಗ್ಗಿ ಮಗು ನೀಲಿಗಟ್ಟುತ್ತಿತ್ತು. ಅತ್ತೆ ದೂರದಲ್ಲೇ ನಿಂತು, ಆ ಕಾರಾದ್ರೂ ಯಾಕೈತೆ, ಅದ್ರೊಳಿಕೆ ಕೂತ್ಕ ಅಂದರು. ಬಟ್ಟೆಯ ಮಾಡು ಎಳೆದುಕೊಂಡು ಮಗುವನ್ನು ಎದೆಗವಚಿ ನಿಮ್ಮ ಸೀಟಿನಲ್ಲೇ ಕೂತಿರುತ್ತಿದ್ದೆ. ಬಾಣಂತನವೆಲ್ಲ ಅಲ್ಲೇ ಕಳೆಯಿತು. ಹಟ್ಟಿಯವರು ನಿಮ್ಮ ಮಗಳನ್ನು ಕಾರಿನ ಪಾಪು ಅನ್ನುತ್ತಾರೆ. ಈಗಲೂ ಚಕ್ರ ಹಿಡಿದುಕೊಂಡೇ ಎದ್ದು ನಿಲ್ಲುತ್ತಾಳೆ. ಈ ಕಾಗದವನ್ನೂ ಅದರಲ್ಲೇ ಕೂತು ಬರೆಯುತ್ತಿದ್ದೇನೆ. ಈಗ ನನ್ನ ಸೀಟಿನಲ್ಲಿ.

ಈ ಟೈರಿನಲ್ಲಿ ಕಾರು ಬೊಂಬಾಯಿಗೆ ಬರುವುದಿಲ್ಲ. ಕೊಳ್ಳುವವರು ಬಂದರೆ ಸಾಬರು ಹೇಳಿದ್ದನ್ನು ಅವರಿಗೆ ಹೇಳುತ್ತೇನೆ, ಮುಚ್ಚಿಡಲಾರೆ. ನೀವೇ ಬಂದು ಓಡಿಸುವುದಾದರೆ ಹೊಸದು ಹಾಕಿಸುತ್ತೇನೆ. ಸೀಟು ಎರಡೇ ಅಂತ ಯೋಚನೆ ಬೇಡ. ಮಗಳು ನನ್ನ ತೊಡೆಯ ಮೇಲೆ ಸುಮ್ಮನೆ ಕೂರುತ್ತಾಳೆ. ಓಡಿಸುವುದೋ ಮಾರುವುದೋ, ಒಂದೇ ಮಾತು ಬರೆಯಿರಿ ಸಾಕು.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ. ಕ್ಯಾತಣ್ಣನ ನಮಸ್ಕಾರ. ಎಲ್ಲಿದ್ದರೂ ಜುಂಜಪ್ಪಸ್ವಾಮಿ ನಿಮ್ಮನ್ನು ಕಾಯಲಿ.

ನಿಮ್ಮ ದಾರಿ ನೋಡುವ
ದಾಸಮ್ಮ

ಮರೆತಿದ್ದೆ: ಮಗು ಹುಟ್ಟಿದ್ದನ್ನು ಕ್ಯಾತಣ್ಣ ಆಗಲೇ ಬರೆದಿದ್ದ. ಆಮೇಲೆ ಬಂದ ನಿಮ್ಮ ಕಾಗದದ ಕೊನೆಯಲ್ಲಿ 'ಎಲ್ಲರನ್ನೂ ಕೇಳಿದೆ ಅಂತ ಹೇಳು' ಅಂತ ಇತ್ತು. ಅದರಲ್ಲಿ ಅವಳೂ ಸೇರಿದ್ದಾಳೆ ಅಂದುಕೊಂಡೆ. ಹಳೇ ಟೈರಿನ ನಂಬರು ಕೇಳಿದಿರಿ, ಬರೆದಿದ್ದೇನೆ. ಮಗಳ ಹೆಸರು ಕೇಳಲಿಲ್ಲ. ಕೇಳಿದ್ದರೂ ಬರೆಯುವುದಕ್ಕೆ ಏನೂ ಇರಲಿಲ್ಲ. ಅಪ್ಪ ಬಂದು ಇಡಲಿ ಅಂತ ಇನ್ನೂ ಹೆಸರಿಟ್ಟಿಲ್ಲ.