ಹಿಂಬಾಗಿಲು ಇದೆ

ಮನೆ, ಮಾರ್ಚ್ ೧೨
ಗುರುವಾರ ಮಧ್ಯಾಹ್ನ

ಮುದ್ದು ಪುಟ್ಟೀ,

ಕೆಮ್ಮು ಹೋಯಿತೇ? ಫೋನಿನಲ್ಲಿ ನೀನು "ಹೋಯ್ತಜ್ಜಿ" ಅಂದದ್ದೂ ಕೆಮ್ಮುತ್ತಲೇ, ಹಾಗಾಗಿ ಕಾಗದದಲ್ಲಿ ಕೇಳುತ್ತಿದ್ದೇನೆ, ಇಲ್ಲಿಯಾದರೂ ನಿಜ ಹೇಳು. ಹಾಸ್ಟೆಲಿನಲ್ಲಿ ಹೊತ್ತು ಹೊತ್ತಿಗೆ ಉಣ್ಣು. ಕಾನೂನು ಓದುವವರಿಗೂ ಹೊಟ್ಟೆ ಇರುತ್ತದೆ. ನನ್ನ ಮಂಡಿ ಎಂದಿನಂತೆಯೇ, ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಫೋನಿನಲ್ಲಿ ಹೇಳಿ ಮುಗಿಯುವ ಕಥೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಕ್ಕಳು ಮಲಗಿವೆ, ಸದ್ದು ಮಾಡದೆ ಬರೆಯಬೇಕು. ಹೌದು ಕಣೇ, ಮಕ್ಕಳು! ನಮ್ಮ ಶಿಶುವಿಹಾರದ ಬೀಗ ತೆಗೆದಾಯಿತು.

ಬೀಗ ಬಿದ್ದ ಎರಡು ತಿಂಗಳು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ಕಿವಿ ತುಂಬ ಅಳು, ನಗು, ಜಗಳ ಕೇಳಿದವಳಿಗೆ ಮನೆ ಬಾವಿಯ ತಳದ ಹಾಗೆ ಆಗಿತ್ತು. ಲೈಸೆನ್ಸ್ ರದ್ದು ಮಾಡಿದ ನೋಟಿಸಿನಲ್ಲಿ ಒಂದೇ ಸಾಲು, "ತಪಾಸಣೆಯಲ್ಲಿ ಲೋಪ ಕಂಡುಬಂದಿದೆ." ಯಾವ ಲೋಪ, ಯಾರು ಕಂಡರು, ಎಂದು ಕಂಡರು, ಒಂದೂ ಇಲ್ಲ. ಪಕ್ಕದ ಬೀದಿಯ ಕ್ಷೌರದಂಗಡಿಯವನು ನನ್ನನ್ನು ಸುಮ್ಮನಿರಲು ಹೇಳಿದ. ಹಿಂದೆ ಅವನ ಅಂಗಡಿ ಮುಚ್ಚಿಸಿದಾಗ ಯಾವ ಸಾಹೇಬರು ಸಹಿ ಹಾಕಿದ್ದರೋ ಅವರೇ ಅವನ ಅಹವಾಲನ್ನೂ ಕೇಳಿದ್ದರಂತೆ. ಹೊಡೆದವರ ಹತ್ತಿರವೇ ಹೋಗಿ ಹೊಡೆದದ್ದು ಸರಿಯೇ ಎಂದು ಕೇಳಿದ ಹಾಗೆ! ಆಗಲೇ ನೀನು ಹೊಸ ಕಾಯ್ದೆಯ ಆ ಎರಡು ಹಾಳೆ ಕಳಿಸಿದ್ದು. ವಿಚಾರಣೆ ಮಾಡುವವರು ಬೇರೆ ಇಲಾಖೆಯವರಾಗಿರಬೇಕು, ಫೈಲಿನ ಪ್ರತಿ ಹದಿನೈದು ದಿನ ಮುಂಚೆ ನಮ್ಮ ಕೈಗೆ ಸಿಗಬೇಕು, ವರದಿ ಬರೆದವರನ್ನು ನಾವು ಮುಖಾಮುಖಿ ಪ್ರಶ್ನೆ ಕೇಳಬಹುದು ಎಂದು ನೀನು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ. ನಾನು ಆ ಹಾಳೆಗಳನ್ನೇ ಹಿಡಿದು ಲೈಸೆನ್ಸ್ ರದ್ದು ಮಾಡಿದ ಇಲಾಖೆಯ ಕಚೇರಿಗೆ ಹೋಗಿ, ಮೇಲ್ಮನವಿ ಕೊಟ್ಟು, ಫೈಲಿನ ಪ್ರತಿ ಕೇಳಿದೆ. ಗುಮಾಸ್ತ ಮೂರು ಸಲ "ನಾಳೆ ಬನ್ನಿ" ಅಂದ. ನಾಲ್ಕನೆಯ ಸಲ ಹೆಣಿಗೆಯ ಚೀಲ ತೆಗೆದುಕೊಂಡು ಹೋಗಿ ಅವನ ಮೇಜಿನ ಎದುರೇ ಕೂತೆ. ಕಾಲುಚೀಲದ ಹಿಮ್ಮಡಿ ಮುಗಿಯುವಷ್ಟರಲ್ಲಿ ಪ್ರತಿ ಬಂತು.

ಓದಿದೆ ನೋಡು, ಮೈ ಉರಿದುಹೋಯಿತು. "ಹಿಂಬಾಗಿಲು ಇಲ್ಲ, ಬೆಂಕಿ ಬಿದ್ದರೆ ಮಕ್ಕಳು ಹೊರಬರಲಾರರು" ಅಂತೆ! ಬಡಗಿ ಗೋಡೆ ಒಡೆದು ಆ ಬಾಗಿಲು ಕೂರಿಸಿ ಎರಡು ವರ್ಷವಾಯಿತು. ಮೆಟ್ಟಿಲ ಕೆಳಗೆ ಒಡೆದ ನೀಲಿ ಡ್ರಮ್ ಇದೆ ಎಂದೂ ಬರೆದಿದ್ದರು. ಅದನ್ನು ಗುಜರಿಗೆ ಕೊಟ್ಟದ್ದು ನೀನೇ ಅಲ್ಲವೇ, ಕಾಲೇಜು ಸೇರುವ ಮುಂಚೆ?

ವಿಚಾರಣೆ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿತ್ತು. ನಿಮ್ಮಮ್ಮ ಒಂದು ಕೈ, ಬಾಗಿಲಿನ ಸಾಕ್ಷಿ ಹೇಳಲು ಬಂದ ಬಡಗಿ ಒಂದು ಕೈ ಹಿಡಿದು ಹತ್ತಿಸಿದರು. ವಿಚಾರಣಾಧಿಕಾರಿಗೆ ನೆಗಡಿ, ಮೂಗೊರೆಸಿಕೊಳ್ಳುತ್ತಲೇ ಇದ್ದರು. ನಾನು ನಿಂತೇ ಮಾತು ಶುರು ಮಾಡಿದಾಗ, "ಅಜ್ಜಿ, ನಾನು ಇಲಾಖೆಯವನಲ್ಲ, ನಿಮ್ಮ ಕಡೆಯವನೂ ಅಲ್ಲ. ಕೂತ್ಕೊಂಡೇ ಹೇಳಿ, ಅವಸರ ಇಲ್ಲ" ಅಂದರು. ಆ "ಅವಸರ ಇಲ್ಲ" ಕೇಳಿಯೇ ನನಗೆ ಅರ್ಧ ಜೀವ ಬಂತು. ಇಲಾಖೆಯ ವಕೀಲರು ವರದಿ ಒಂದಿದ್ದರೆ ಸಾಕು ಎಂದು ವಾದಿಸಿದರು. ಅಧಿಕಾರಿ ಒಪ್ಪದೆ, ಅದನ್ನು ಬರೆದ ಇನ್‌ಸ್ಪೆಕ್ಟರನ್ನು ಕರೆಸಿದರು.

ನಾನು ಯಾವನೋ ಮೀಸೆಯ ಗಂಡಸು ಬರುತ್ತಾನೆ ಅಂದುಕೊಂಡಿದ್ದರೆ, ಬಂದವಳು ನಿನ್ನ ವಯಸ್ಸಿನ ಹುಡುಗಿ! ಫೈಲನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಳು. ನೀನು ಬರೆದುಕೊಟ್ಟ ಹನ್ನೊಂದು ಪ್ರಶ್ನೆಗಳೂ ನನ್ನ ತೊಡೆಯ ಮೇಲೇ ಇದ್ದವು, ಆದರೆ ಆ ಮುಖ ನೋಡಿ ಒಂದೂ ಓದಲಾಗಲಿಲ್ಲ. "ನಮ್ಮನೆ ಒಳಗೆ ಕಾಲಿಟ್ಟಿದ್ದೀಯಾ ಮಗಳೇ?" ಎಂದಷ್ಟೇ ಕೇಳಿದೆ. ವಕೀಲರು ಬೇಡ ಎಂಬಂತೆ ಕೆಮ್ಮಿದರು. ಅವಳು ಅವರತ್ತ ನೋಡಲಿಲ್ಲ. "ಇಲ್ಲ ಅಜ್ಜಿ. ನಾನು ಬಂದಿದ್ದು ಶನಿವಾರ, ಗೇಟಿಗೆ ಬೀಗ ಇತ್ತು. ಆ ವಾರ ನಲವತ್ತೆರಡು ಕಡೆ ಹೋಗ್ಬೇಕಿತ್ತು. ಹಳೇ ವರದಿ ನೋಡಿ ಬರ್ದುಬಿಟ್ಟೆ. ತಪ್ಪಾಯ್ತು." ವಕೀಲರ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು. ನನಗೆ ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಅಷ್ಟರಲ್ಲಿ ಅಧಿಕಾರಿ ನನ್ನ ಕಡೆ ತಿರುಗಿ, ಎಂಟು ಮಕ್ಕಳಿಗೆ ಲೈಸೆನ್ಸ್ ಇದೆ, ನಿಮ್ಮಲ್ಲಿ ಎಷ್ಟಿದ್ದವು ಎಂದು ಕೇಳಿದರು. ನಿಮ್ಮಮ್ಮ ನನ್ನ ಕಾಲು ಒತ್ತಿದಳು. ಎಂಟು ಅಂದಿದ್ದರೆ ಅಂದೇ ಮುಗಿಯುತ್ತಿತ್ತೇನೋ. ಆದರೆ ಅಷ್ಟು ಚಿಕ್ಕವಳು ಕೆಲಸ ಪಣಕ್ಕಿಟ್ಟು ನಿಜ ಹೇಳಿದ ಕೋಣೆಯಲ್ಲಿ ನಾನು ಸುಳ್ಳು ಹೇಳುವುದೇ? "ಹನ್ನೊಂದು. ನರ್ಸಮ್ಮನ ಅವಳಿಗಳನ್ನ, ಬಸ್ ಕಂಡಕ್ಟರ್ ಮಗುನ ವಾಪಸ್ ಕಳಿಸೋಕೆ ಮನಸ್ಸು ಬರ್ಲಿಲ್ಲ" ಅಂದೆ. ಅಧಿಕಾರಿ ಬರೆದುಕೊಂಡರು, ನಗಲೂ ಇಲ್ಲ, ಗದರಲೂ ಇಲ್ಲ. ಇಳಿಯುವಾಗ ನಿಮ್ಮಮ್ಮ ಮೂರು ಮಹಡಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ಹತ್ತು ದಿನಕ್ಕೆ ಆದೇಶ ಬಂತು. ಈ ಸಲ ಒಂದು ಸಾಲಲ್ಲ, ನಾಲ್ಕು ಪುಟ, ಒಂದೊಂದಕ್ಕೂ ಕಾರಣ ಬರೆದಿದೆ. ನೋಡದ ಮನೆಯ ವರದಿ ಸಾಕ್ಷ್ಯವಲ್ಲ, ರದ್ದತಿ ಊರ್ಜಿತವಲ್ಲ. ಹೆಚ್ಚುವರಿ ಮೂರು ಮಕ್ಕಳಿಗಾಗಿ ಮೂವತ್ತು ದಿನದೊಳಗೆ ಇನ್ನೊಬ್ಬ ಆಯಾ ಇರಬೇಕು, ಇಲ್ಲವಾದರೆ ಎಂಟಕ್ಕಿಳಿಸಬೇಕು. ನ್ಯಾಯವೇ ಅಲ್ಲವೇ? ಹನ್ನೊಂದರ ಹಿಂದೆ ಓಡಲು ಈ ಮಂಡಿಗೆ ಆಗುತ್ತಿರಲಿಲ್ಲ, ಹೇಳಿಕೊಳ್ಳಲು ನನಗೆ ಬಿಗುಮಾನ. ಎದುರು ಮನೆಯ ಟೈಲರಮ್ಮ ಸೋಮವಾರದಿಂದ ಬರುತ್ತಿದ್ದಾಳೆ, ಮಕ್ಕಳು ಆಗಲೇ ಅವಳ ಟೇಪನ್ನು ಕದ್ದು ಬೆಕ್ಕಿನ ಉದ್ದ ಅಳೆದಿವೆ. ಮೊನ್ನೆ ಮರು ತಪಾಸಣೆಗೆ ಬಂದವರು ಹಿಂಬಾಗಿಲನ್ನು ಮೂರು ಸಲ ತೆಗೆದು ಮುಚ್ಚಿ ನೋಡಿ, "ಇದೆ" ಎಂದು ಬರೆದುಕೊಂಡು ಹೋದರು.

ಚೆನ್ನಾಗಿ ಓದು ಕಂದಾ. ನೂರು ವರ್ಷ ಸುಖವಾಗಿ ಬಾಳು, ಅದರಲ್ಲಿ ಕೆಲವನ್ನಾದರೂ ನನ್ನ ಹತ್ತಿರ ಬಂದು ಬಾಳು. ನಿಮ್ಮಮ್ಮ ಈಗ ಮಾತಾಡುತ್ತಿದ್ದಾಳೆ, ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದಳು.

ನಿನ್ನ
ಅಜ್ಜಿ

ತಾ.ಕ.: ಅವಳಿಗಳು ಎದ್ದುಬಿಟ್ಟವು, ಬೇಗ ಹೇಳುತ್ತೇನೆ. ಆ ಇನ್‌ಸ್ಪೆಕ್ಟರ್ ಹುಡುಗಿಯನ್ನು ಅಮಾನತು ಮಾಡಿದ್ದಾರೆ. ಬರುವ ತಿಂಗಳು ಆರಕ್ಕೆ ಅವಳ ವಿಚಾರಣೆ. ವಾರಕ್ಕೆ ನಲವತ್ತೆರಡು ಮನೆ ಕೊಟ್ಟವರನ್ನು ಯಾರೂ ಕೇಳಿಲ್ಲ. ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ. ನಿನ್ನೆ ಗೇಟಿನ ಹತ್ತಿರ ಬಂದು ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಳು, ನಾನೇ ಕೈ ಹಿಡಿದು ಕರೆತಂದೆ. ಸಾಕ್ಷಿ ಹೇಳಲು ನಾನು ಹೋಗುತ್ತೇನೆ, ಎಷ್ಟು ಮಹಡಿಯಾದರೂ ಸರಿ. ಪಕ್ಕದಲ್ಲಿ ಕೂತು ತನ್ನ ಪರ ಮಾತಾಡಲು ಅವಳು ಒಬ್ಬರನ್ನು ಕರೆತರಬಹುದಂತೆ. ನಮ್ಮ ಪುಟ್ಟಿ ಬರುತ್ತಾಳೆ ಅಂದುಬಿಟ್ಟಿದ್ದೇನೆ. ಬರುತ್ತೀಯಲ್ಲ?