ಗುರುವಾರದ ಬಸ್ಸಿನ ತಿದ್ದುಪಡಿ

ಡಬ್ಲಿನ್, ಮಂಗಳವಾರ

ಸನ್ಮಾನ್ಯ ಅಜ್ಜಿಯವರ ಸಮಕ್ಷಮಕ್ಕೆ,

ತೊಡೆಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಆಸ್ಪತ್ರೆಗೆ ಹೋಗುವ ಹಳ್ಳಿ ಬಸ್ಸುಗಳನ್ನು, ಅಂದರೆ ನಿನ್ನ ಗುರುವಾರದ ಬಸ್ಸನ್ನೂ, ನಿಲ್ಲಿಸಕೂಡದೆಂದು ನಿನ್ನ ಮಗಳು ಡರ್ವಲಾ ಅತ್ತೆ ಇವತ್ತು ಸೆನೆಟ್‌ನಲ್ಲಿ ತಿದ್ದುಪಡಿ ತಂದಳು. ವಿರೋಧ ಪಕ್ಷದವರ ತಿದ್ದುಪಡಿಯನ್ನು ಇಲ್ಲಿ ಯಾರು ಒಪ್ಪುತ್ತಾರೆ? ಗುಡುಗಿ ಗುಡುಗಿ ಕಡೆಗೆ "ಹಿಂದಕ್ಕೆ ತಗೊಳ್ತೀನಿ" ಎಂದು ಕೂರುವುದು ಅವಳಿಗೆ ಜಪವಾಗಿಬಿಟ್ಟಿದೆ.

ಇವತ್ತು ಮಂತ್ರಿ ಎದ್ದು, "ಸರಿ, ಒಪ್ಕೋತೀನಿ" ಎಂದುಬಿಟ್ಟರು! ಸಭೆಗೆ ಸಭೆಯೇ ದಂಗಾಯಿತು.

"ಸೆನೆಟರ್, ತಿದ್ದುಪಡಿ ಮತಕ್ಕೆ ಹಾಕ್ಲಾ?" ಎಂದರು ಅಧ್ಯಕ್ಷರು.

ಅತ್ತೆ ಅಭ್ಯಾಸಬಲದಿಂದ, "ಹಿಂದಕ್ಕೆ ತಗೊ..." ಎಂದಳು.

ಮೇಲೆ ಪ್ರೇಕ್ಷಕರ ಗ್ಯಾಲರಿಯಲ್ಲಿದ್ದ ನಾನು ದಡಕ್ಕನೆ ಎದ್ದು ನಿಂತೆ. ನೀನು ಹಿತ್ತಲಿಂದ ಕೂಗುವ ಹಾಗೆಯೇ, ನಿನ್ನದೇ ದನಿಯಲ್ಲಿ, "ಲೇ ಡರ್ವಲಾ, ಬಾಯ್ಮುಚ್ಚೇ!" ಎಂದು ಕಿರುಚಿದೆ. ಅತ್ತೆ ಗಪ್ಪನೆ ಬಾಯಿ ಮುಚ್ಚಿದಳು. ಮಂತ್ರಿಯೂ ಕುಳಿತುಬಿಟ್ಟರು.

ಅಧ್ಯಕ್ಷರು ಗಂಟೆ ಬಾರಿಸಿ, "ಈ ಗಲಾಟೇಲಿ ನನಗೇನೂ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿಮ್ಮ, ಯೋಚ್ನೆ ಮಾಡಿ ಹೇಳಿ" ಎಂದರು.

"ಮತಕ್ಕೆ ಹಾಕಿ," ಎಂದಳು ಅತ್ತೆ, ನೀನೆಲ್ಲಿದ್ದೀಯೆಂದು ಸುತ್ತ ಹುಡುಕುತ್ತಾ. ತಿದ್ದುಪಡಿ ಪಾಸಾಯಿತು.

ನನ್ನನ್ನು ರಟ್ಟೆ ಹಿಡಿದು ಹೊರಗೆ ಹಾಕಿದ್ದಾರೆ. ಗಂಟಲು ಪೂರಾ ಕಟ್ಟಿದೆ, ಬಿಸಿ ವಿಸ್ಕಿಗೆ ಲವಂಗ ಹಾಕಿ ಕುಡಿಯುತ್ತೇನೆ. ಕೂಗಿದ್ದು ನೀನೇ ಎಂದು ಅತ್ತೆ ಇನ್ನೂ ನಂಬಿದ್ದಾಳೆ. ಫೋನ್ ಮಾಡಿದರೆ, ಮಂಗಳವಾರ ಡಬ್ಲಿನ್‌ನಲ್ಲೇ ಇದ್ದೆ ಎನ್ನು. ಹೇಗೆ ಬಂದೆ ಎಂದು ಕೇಳಿದರೆ, ಬಸ್ಸಿನಲ್ಲಿ ಎನ್ನು.

ಅವಸರದಲ್ಲಿ,
ಸದನದಿಂದ ಉಚ್ಚಾಟಿತ ಮೊಮ್ಮಗ
ಫಿಯಾಕ್ರ