ಗ್ರೀಸ್ ಹಚ್ಚಿದ ಕೊಂಡಿ

ಕಪ್ಪತಗುಡ್ಡ,
೨೧೯೧, ಫೆಬ್ರವರಿ ೩೦

ನನಗಿಂತ ಬಹಳ ಮೊದಲು ಬದುಕಿದವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಅಜ್ಜಂದಿರ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದರು. ಹಾಗಾಗಿ ಫೆಬ್ರವರಿಗೂ ಮೂವತ್ತು ದಿನ ಬಂದವು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆ ಇರಲಿ. ಅರ್ಥ ಹೇಳುತ್ತಾ ಹೋಗುತ್ತೇನೆ. ಎಲ್ಲವನ್ನೂ ಮಾತ್ರ ಹೇಳುವುದಿಲ್ಲ. ಈ ಪತ್ರ ನಿಮಗಿಂತ ಮೊದಲು ಯಾರ ಕೈ ಸೇರುತ್ತದೋ ಗೊತ್ತಿಲ್ಲ. ನಿಮ್ಮನ್ನೂ ನಾನು ಕಣ್ಣಾರೆ ಕಂಡವಳಲ್ಲ.

ನನ್ನ ಹೆಸರು ಇಂದುಮತಿ ಹುಲಕೋಟಿ. ಗುಡ್ಡದ ನೆತ್ತಿಯ ಮೇಲೆ ನಿಂತು ಗಾಳಿಯಿಂದ ಕರೆಂಟು ಮಾಡುವ ಗಾಳಿಕಂಬಗಳನ್ನು ನೋಡಿಕೊಳ್ಳುವ ತಂಡದಲ್ಲಿ ನಾನು ಪೆಟ್ಟಿಗೆಯವಳು. ಬೇಸಿಗೆಯಲ್ಲಿ ಕೆಳಗಿನ ಬಯಲಿನ ಬಿಸಿಲು ಮನುಷ್ಯರು ತಡೆಯುವಂಥದ್ದಲ್ಲ. ವಯಸ್ಸಾದವರಂತೂ ಒಂದು ಬೇಸಿಗೆ ದಾಟುವುದೇ ಕಷ್ಟ. ಅದಕ್ಕೇ ಎಲ್ಲರೂ ಮೇಲೆ ಜಾಗ ಬೇಡುತ್ತಾರೆ. ಕಂಬದ ಕೆಲಸ ಮಾಡುವವರಿಗೂ ಅವರ ಮನೆಯವರಿಗೂ ಮಾತ್ರ ಇಲ್ಲಿ ಮನೆ. ಮಂಜು ಹಿಡಿಯುವ ಬಲೆಗಳಿಂದ ನೀರು, ಇಳಿಜಾರಿನ ಪಟ್ಟಿಗಳಲ್ಲಿ ಬೆಳೆದ ಸಜ್ಜೆಯಿಂದ ರೊಟ್ಟಿ. ಕೆಲಸ ಬಿಟ್ಟವನು ಮನೆಯನ್ನೂ ಬಿಟ್ಟು ಕೆಳಗಿಳಿಯಬೇಕು.

ನನ್ನ ಕೆಲಸ ಕೂಡುಪೆಟ್ಟಿಗೆಗಳದು. ಒಂದರ ಮೇಲೊಂದು ಇಟ್ಟು ಒತ್ತಿದರೆ ಟಕ್ ಎಂದು ಕಚ್ಚಿಕೊಳ್ಳುವ ಸಲಕರಣೆ ಪೆಟ್ಟಿಗೆಗಳು. ನಿಮ್ಮ ಕಾಲದಲ್ಲೂ ಇದ್ದವಂತೆ. ನಾವು ಬಳಸುವ ಕೆಲವು ನಿಮ್ಮವೇ. ತಳದಲ್ಲಿ ಭಾರದ ಕತ್ತರಿಸುವ ಯಂತ್ರ, ಅದರ ಮೇಲೆ ಡ್ರಿಲ್, ಅದರ ಮೇಲೆ ಬಲಗಟ್ಟಿಗಳು. ನೀವು ಬ್ಯಾಟರಿ ಎನ್ನುತ್ತಿದ್ದುದನ್ನು ನಾವು ಬಲಗಟ್ಟಿ ಎನ್ನುತ್ತೇವೆ. ಎಲ್ಲಕ್ಕಿಂತ ಮೇಲೆ ಬೋಲ್ಟ್ ಬಿಗಿಯುವ ಯಂತ್ರ. ಕಂಬದ ತುದಿಯ ಯಂತ್ರದ ಕೋಣೆಗೆ ಗೂಡು ಎಂದು ಹೆಸರು. ಅಲ್ಲಿ ಇಬ್ಬರು ಮೈ ಮುದುರಿಕೊಂಡು ಕೂತರೆ ಮೂರನೆಯವರಿಗೆ ಜಾಗ ಸಾಲದು. ಕಣ್ಣು ಬೋಲ್ಟಿನ ಮೇಲಿರುವಾಗ ಕೈ ತಾನಾಗಿ ಸರಿಯಾದ ಪೆಟ್ಟಿಗೆಗೆ ಹೋಗಬೇಕು. ಅದಕ್ಕಾಗಿ ಜೋಡಿಸುವ ಕ್ರಮ ಎಂದೂ ಬದಲಾಗಬಾರದು. ಬಲಗಟ್ಟಿಯನ್ನು ಯಂತ್ರಕ್ಕೆ ಮೇಲೆ ಹೋದ ಮೇಲೆಯೇ ಸಿಕ್ಕಿಸಬೇಕು, ಇಲ್ಲದಿದ್ದರೆ ಪೆಟ್ಟಿಗೆ ಹಗ್ಗದಲ್ಲಿ ತೂಗಾಡುತ್ತಾ ಮೇಲೇರುವಾಗ ಯಂತ್ರ ತಾನೇ ಚಾಲೂ ಆದೀತು.

ಒಂದು ಬೆಳಿಗ್ಗೆ ಮೇಲಿನ ಪೆಟ್ಟಿಗೆ ತೆರೆದಾಗ ಬಿಗಿಯುವ ಯಂತ್ರ ತಿರುಗಿ ಮಲಗಿತ್ತು. ಬಲಕ್ಕಿರಬೇಕಾದ ಹಿಡಿ ಎಡಕ್ಕಿತ್ತು. ಬಲಗಟ್ಟಿಯನ್ನು ಆಗಲೇ ಸಿಕ್ಕಿಸಿದ್ದರು. ನಾನು ಸರಿ ಮಾಡಿಟ್ಟೆ. ಮರುದಿನ ಮತ್ತೆ ಹಾಗೇ. ಕದಿಯುವವರಾದರೆ ಕದ್ದೊಯ್ಯುತ್ತಿದ್ದರು, ಏನೂ ಕಳೆದಿರಲಿಲ್ಲ. ಅದೇ ನನ್ನ ಸಂಶಯವನ್ನು ಹೆಚ್ಚಿಸಿತು. ಒಂದು ವಾರ ಕಳೆದ ಮೇಲೆ ಪೆಟ್ಟಿಗೆಯ ಮುಚ್ಚಳದ ಕೊಂಡಿಗೆ ಯಾರೋ ಗ್ರೀಸ್ ಹಚ್ಚಿದ್ದನ್ನು ಕಂಡೆ. ಎರಡು ಕೈ ಹಾಕಿ ಒತ್ತಬೇಕಿದ್ದ ಕೊಂಡಿ ಈಗ ಬೆರಳು ಸೋಕಿದರೆ ಬಿಚ್ಚಿಕೊಳ್ಳುತ್ತಿತ್ತು. ಪೆಟ್ಟಿಗೆ ಕೆಳಗಿಳಿಯುವಾಗ ಹಗ್ಗದ ಬುಡದಲ್ಲಿ ನಿಂತಿರುವವಳು ನಾನು.

ತಂಡದಲ್ಲಿ ಇರುವುದೇ ಮೂವರು. ನಾನು, ಇಪ್ಪತ್ತು ವರ್ಷಗಳಿಂದ ಕಂಬ ಹತ್ತುತ್ತಿರುವ ದ್ಯಾಮಣ್ಣ ಕಾಕಾ, ಮತ್ತೆ ಹೋದ ವರ್ಷ ಸೇರಿದ ವಾರಿಜ ಸಾಲ್ಯಾನ್. ಸಮುದ್ರ ಊರು ನುಂಗಿದ ಮೇಲೆ ಕರಾವಳಿಯಿಂದ ಘಟ್ಟ ಹತ್ತಿ ಬಂದವರ ಮಗಳು ಅವಳು. ಗುಡ್ಡದ ಕೆಳಗಿರುವ ಆ ಜನರ ವಸತಿಗೆ ಕರೆಂಟು ಕಡಿಮೆ ಕೊಡುತ್ತಾರೆಂಬ ಜಗಳ ಆಗ ಜೋರಾಗಿತ್ತು. ಆ ಸಿಟ್ಟಿಗೆ ಕಂಬದ ಕೆಲಸ ಕೆಡಿಸಬಹುದಾದವರು ಯಾರು ಎಂದು ನಾನು ಲೆಕ್ಕ ಹಾಕಿದೆ. ಲೆಕ್ಕ ಸಲೀಸಾಗಿ ಅವಳ ಬಳಿಗೇ ಹೋಗಿ ನಿಂತಿತು.

ಕಾಕಾನನ್ನು ಕೇಳಿದೆ. "ಕಾಕಾ, ಪೆಟ್ಟಿಗಿ ಯಾರು ಮುಟ್ಟಾಕತ್ತಾರ್ರಿ?"

ಅವನು ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ ದೂರದ ಕಂಬಗಳನ್ನು ನೋಡಿದ. "ನಂಗೇನ್ ಗೊತ್ತವ್ವಾ. ನಾ ಅಂತೂ ಮುಟ್ಟಿಲ್ಲ."

"ಹಂಗಾರ ವಾರಿಜಾನಽ ಏನ್ರಿ?"

ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನಾನು ಅದನ್ನು ಹೌದೆಂದೇ ತಿಳಿದೆ.

ಒಂದು ಮಧ್ಯಾಹ್ನ ನೀರಿಗೆ ಹೋಗುವವಳಂತೆ ಕೊಡ ಹಿಡಿದು ಹೊರಟು, ಶೆಡ್ಡಿನ ಹಿಂದೆ ಬಂದು ನಿಂತೆ. ವಾರಿಜ ಒಳಗೆ ಬಂದಳು. ಮೇಲಿನ ಪೆಟ್ಟಿಗೆ ಬಿಚ್ಚಿ ಯಂತ್ರ ತಿರುಗಿಸಿಟ್ಟಳು, ಬಲಗಟ್ಟಿ ಒತ್ತಿ ಸಿಕ್ಕಿಸಿದಳು, ಬೆರಳ ತುದಿಯಿಂದ ಕೊಂಡಿಗೆ ಗ್ರೀಸ್ ಸವರಿದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಇದೇನ್ ನಡಿಸೀಯವ್ವಾ? ನನ್ನ ತಲಿ ಮ್ಯಾಲೆ ಬೀಳ್ಸಾಕ?"

ಅವಳು ಕೈಯಲ್ಲಿದ್ದ ಗ್ರೀಸನ್ನು ಮುಚ್ಚಿಡಲಿಲ್ಲ. "ಅಕ್ಕ, ನೀವು ಎಂತ ಬೇಕಾದ್ರೂ ತಿಳ್ಕೊಳ್ಳಿ. ನಾನು ಹೇಳುದಿಲ್ಲ."

"ಆಫೀಸಿಗೆ ಹೇಳ್ತೀನಿ."

"ಹೇಳಿ. ಆದ್ರೆ ಅದಕ್ಕೆ ಮೊದ್ಲು ಒಂದ್ಸಲ ಮೇಲೆ ಹತ್ತಿ ನೋಡಿ ಮಾರಾಯ್ರೆ."

ಮರುದಿನ ಹತ್ತಿದೆ. ನಾನು ಕಂಬ ಹತ್ತಿ ವರ್ಷಗಳಾಗಿದ್ದವು. ಕೊಂಡಿಯ ಗ್ರೀಸನ್ನು ನಾನು ಒರೆಸಿರಲಿಲ್ಲ, ಯಂತ್ರವನ್ನೂ ಸರಿ ಮಾಡಿಟ್ಟಿರಲಿಲ್ಲ. ಅವಳು ಏನು ಮಾಡುತ್ತಾಳೋ ಅದನ್ನು ಕೈಯಾರೆ ಹಿಡಿಯಬೇಕಿತ್ತು ನನಗೆ. ಗೂಡಿನ ಬಾಗಿಲಲ್ಲಿ ಅರ್ಧ ಮೈ ಒಳಗೆ, ಅರ್ಧ ಏಣಿಯ ಮೇಲೆ ಇಟ್ಟುಕೊಂಡು ವಾರಿಜಳನ್ನೇ ನೋಡುತ್ತಿದ್ದೆ. ಅವಳು ಏನೂ ಮಾಡಲಿಲ್ಲ. ಕಾಕಾ ಎಡಗೈ ಚಾಚಿದ. ಬೆರಳು ಕೊಂಡಿಗೆ ಸೋಕಿತು, ಮುಚ್ಚಳ ಎದ್ದಿತು, ಯಂತ್ರದ ಹಿಡಿ ಎಡಗೈಗೇ ಬಂತು. ಬಲಗೈ ಸೊಂಟದ ಪಟ್ಟಿಯೊಳಗೆ ಸತ್ತ ಹಕ್ಕಿಯ ಹಾಗೆ ಸಿಕ್ಕಿಕೊಂಡಿತ್ತು. ಅದರ ಬೆರಳುಗಳು ಮಡಚುತ್ತಿರಲಿಲ್ಲ.

ನಾನು ನೋಡಿದ್ದನ್ನು ಅವನೂ ನೋಡಿದ. ಕೆಲಸ ಮುಗಿಸಿ, ಪೆಟ್ಟಿಗೆಗಳನ್ನು ವಾರಿಜಳಿಂದ ರಾಟೆಯ ಹಗ್ಗಕ್ಕೆ ಕಟ್ಟಿಸಿ ಇಳಿಬಿಟ್ಟ. ಅರ್ಧ ದಾರಿಯಲ್ಲಿ ಗಾಳಿ ಬೀಸಿತು. ಪೆಟ್ಟಿಗೆಗಳ ಸಾಲು ಕಂಬಕ್ಕೆ ಬಡಿಯಿತು, ಮೇಲಿನ ಕೊಂಡಿ ಬಿಚ್ಚಿತು, ಬಿಗಿಯುವ ಯಂತ್ರ ಹೊರಬಿತ್ತು. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಕೆಳಗಿನಿಂದ ಸದ್ದು ಬಂತು. ಅದು ಬಿದ್ದದ್ದು ಹಗ್ಗದ ಬುಡದ ಚಪ್ಪಡಿಯ ಮೇಲೆ, ಅಂದರೆ ನಾನು ದಿನಾ ನಿಲ್ಲುವ ಜಾಗದಲ್ಲಿ.

ವಾರಿಜ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಹೀಗೆ ಆಗ್ತದೆ ಅಂತ ನಾನು ಎಣಿಸ್ಲಿಲ್ಲ ಅಕ್ಕ. ದೇವ್ರಾಣೆ ಎಣಿಸ್ಲಿಲ್ಲ."

ಕಾಕಾ ಗೂಡಿನ ಗೋಡೆಗೆ ಒರಗಿದ. "ಆಕೀಗೆ ಬೈಬ್ಯಾಡ ಇಂದುಮತಿ. ದೀಪಾವಳಿಯಿಂದ ಕೈ ಹೋಗೇತಿ. ಕೆಳಗ ಹೋದ್ರ ನಿಮ್ಮ ಕಾಕಿ ಒಂದು ಬ್ಯಾಸಿಗಿ ತಡಿಯಂಗಿಲ್ಲ. ನಾನಽ ಮಾಡು ಅಂದೆ, ಆಕಿ ಮಾಡಿದ್ಲು."

"ನಾ ಕೇಳಿದಾಗ ಆಕೀ ಹೆಸರು ಬಂತಲ್ಲ ಕಾಕಾ. ಆಗ್ಯಾಕ ಸುಮ್ಮನಿದ್ರಿ?"

ಅವನು ಎಡಗೈಯಿಂದ ಸೊಂಟದ ಪಟ್ಟಿ ಸರಿಮಾಡಿಕೊಂಡ. ವಾರಿಜ ಅವನನ್ನು ನೋಡಿದಳು. ತನ್ನ ಹೆಸರು ಬಂದಾಗ ಅವನು ಸುಮ್ಮನಿದ್ದನೆಂದು ಅವಳಿಗೆ ಗೊತ್ತಾದದ್ದು ಆ ಹೊತ್ತಿನಲ್ಲೇ. ಕೆಲಸ ಸಿಕ್ಕರೂ ಕರಾವಳಿಯವಳೆಂದು ಗುಡ್ಡದ ಮೇಲೆ ಯಾರೂ ಜಾಗ ಕೊಡದಿದ್ದಾಗ ಅವಳಿಗೆ ತನ್ನ ಪಡಸಾಲೆ ಬಿಟ್ಟುಕೊಟ್ಟವನು ಇದೇ ದ್ಯಾಮಣ್ಣ ಕಾಕಾ. ಆ ಋಣಕ್ಕೇ ಅವಳು ಬಾಯಿ ಬಿಟ್ಟಿರಲಿಲ್ಲ. ಇಳಿಯುವಾಗ ಅವಳು ಅವನ ಪಟ್ಟಿ ಹಿಡಿದೇ ಇಳಿಸಿದಳು. ಆದರೆ ನೆಲ ಮುಟ್ಟಿದ ಮೇಲೆ ಒಬ್ಬಳೇ ನಡೆದುಹೋದಳು.

ಮರುದಿನ ಕಾಕಾ ತಾನೇ ಗದಗಿನ ಆಫೀಸಿಗೆ ಹೋಗಿ ಕೈ ತೋರಿಸಿ, ಯಂತ್ರ ಬೀಳಿಸಿದವನು ತಾನೇ ಎಂದ. ವಾರಿಜಳ ಹೆಸರೆತ್ತಲಿಲ್ಲ. ಅವನ ಹಿಂದೆಯೇ ನಾನೂ ಹೋಗಿದ್ದೆ. ಅವನು ಮತ್ತೆ ಏನು ಹೇಳುತ್ತಾನೋ ಎಂಬ ಅನುಮಾನ ನನ್ನನ್ನು ಬಿಟ್ಟಿರಲಿಲ್ಲ. ನನ್ನ ಕೆಲಸ ಅವನಿಗೆ ಕೊಡಿ, ಅವನ ಬದಲು ನಾನು ಹತ್ತುತ್ತೇನೆ ಎಂದೆ. ಅಲ್ಲಿದ್ದ ಅಧಿಕಾರಿ ಹೆಂಗಸು ನಮ್ಮಿಬ್ಬರನ್ನೂ ನೋಡಿ, ಒಂದು ಬೇಸಿಗೆ ನೋಡೋಣ ಎಂದಳು. ಆ ಬೇಸಿಗೆ ಈಗ ಶುರುವಾಗಿದೆ.

ಕಾಕಾ ಒಂದೇ ಕೈಯಲ್ಲಿ ಪೆಟ್ಟಿಗೆ ಜೋಡಿಸುತ್ತಾನೆ, ನನಗಿಂತ ನಿಧಾನ, ಆದರೆ ಓರೆಕೋರೆ ಇಲ್ಲ. ಕೊಂಡಿಗಳನ್ನು ಮಾತ್ರ ನಾವು ಒತ್ತಿಕೊಡುತ್ತೇವೆ. ವಾರಿಜಳೂ ನಾನೂ ಹತ್ತುತ್ತೇವೆ. ಮೊದಲ ದಿನ ನಾನು ಬಿಗಿದ ಪ್ರತಿ ಕೊಂಡಿಯನ್ನೂ ಅವಳು ಮತ್ತೆ ಬಿಚ್ಚಿ ಬಿಗಿದಳು. ಎರಡನೆಯ ದಿನವೂ ಹಾಗೇ ಮಾಡಿದಳು. ಕೊನೆಗೆ ಕೇಳಿಯೇಬಿಟ್ಟೆ.

"ಇನ್ನೂ ಸಿಟ್ಟೈತೇನವ್ವಾ?"

"ಸಿಟ್ಟಿಲ್ಲ ಅಕ್ಕ," ಎಂದಳು, ನನ್ನ ಸೊಂಟದ ಹಗ್ಗದ ಗಂಟನ್ನು ಎಳೆದು ನೋಡುತ್ತಾ. "ನಿಮ್ಮ ಹಗ್ಗ ನಾನು ನೋಡ್ತೇನೆ. ನನ್ನದನ್ನೂ ನಾನೇ ನೋಡಿಕೊಳ್ತೇನೆ."

ಈ ಪೆಟ್ಟಿಗೆಗಳನ್ನು ಮಾಡುವವರಲ್ಲಿ ನೀವೂ ಒಬ್ಬರಾಗಿದ್ದರೆ ಒಂದು ಬೇಡಿಕೆ ಇದೆ. ಶಕ್ತಿ ಕುಂದಿದ ಒಂದೇ ಕೈ, ಎಡವಾದರೂ ಸರಿ ಬಲವಾದರೂ ಸರಿ, ತೆರೆಯಬಲ್ಲ ಕೊಂಡಿ ಮಾಡಿ. ಗಾಳಿಗೆ ಮಾತ್ರ ಅದು ಬಿಚ್ಚದಿರಲಿ. ಅಂಥದ್ದೊಂದು ಇದ್ದಿದ್ದರೆ ಕಾಕಾ ಯಾರಿಂದಲೂ ಕೈ ಮುಚ್ಚಿಟ್ಟುಕೊಳ್ಳಬೇಕಿರಲಿಲ್ಲ, ನಾನು ಶೆಡ್ಡಿನ ಹಿಂದೆ ಕೊಡ ಹಿಡಿದು ನಿಲ್ಲಬೇಕಿರಲಿಲ್ಲ. ಮಾಡುತ್ತೀರೋ ಇಲ್ಲವೋ ನನಗೆ ತಿಳಿಯುವಂತಿಲ್ಲ. ನಂಬಬೇಕೆಂದು ಮನಸ್ಸಿದೆ. ಗಾಳಿ ಇಳಿದಿದೆ, ವಾರಿಜ ಏಣಿಯ ಬಳಿ ಕಾಯುತ್ತಿದ್ದಾಳೆ. ಹತ್ತುವ ಮುಂಚೆ ಅವಳ ಹಗ್ಗದ ಗಂಟನ್ನು ಒಮ್ಮೆ ನೋಡಲೇ ಎಂದು ಇವತ್ತೂ ಕೇಳುತ್ತೇನೆ.

ಇಂತಿ,
ಇಂದುಮತಿ